ಹಸುಗೂಸಿನ ಮೈಮೇಲಿನ ಕೆನ್ನೀಲಿ ಗಡ್ಡೆ

ಕೂಸಿನ ಮೈಮೇಲಿನ ಮಚ್ಚೆ ಮೊದಲು ಕಾಣುವುದು ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯ ಕಣ್ಣಿಗೆ. ಹಣ್ಣಿನಂತೆ ಕೆಂಪಗೆ ಉಬ್ಬುವ ಸಾಮಾನ್ಯ ರಕ್ತನಾಳದ ಗಂಟುಗಳು ಕೆಲವು ತಿಂಗಳು ಬೆಳೆದು, ವರ್ಷಗಳು ಉರುಳಿದಂತೆ ತಾವಾಗಿಯೇ ಕುಗ್ಗುತ್ತವೆ. ಅದಕ್ಕಾಗಿ ಗಾಬರಿಗೊಳ್ಳಬೇಕಾದುದಿಲ್ಲ.

ಆದರೆ ಗಡ್ಡೆಯು ಕೆನ್ನೀಲಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ಬಿಸಿಯಾಗಿದ್ದು, ದಿನೇದಿನೇ ಹಿಗ್ಗುತ್ತಿದ್ದರೆ ತಡಮಾಡಲಾಗದು. ಚರ್ಮದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಮೂಡಿದರಂತೂ ಅದು ಕಸಬಾಕ್–ಮೆರಿಟ್ ಸ್ಥಿತಿಯ ಸೂಚನೆಯಾಗಿರಬಹುದು. 1940ರಲ್ಲಿ ಅಮೆರಿಕೆಯ ವೈದ್ಯರಿಬ್ಬರು ಎರಡು ತಿಂಗಳ ಗಂಡುಮಗುವಿನಲ್ಲಿ ಇದನ್ನು ಗುರುತಿಸಿ ವರದಿ ಮಾಡಿದರು. ಇದು ಬಹು ವಿರಳವಾದ ವ್ಯಾಧಿ. ಸಾಮಾನ್ಯ ಮಚ್ಚೆಗಳಿಂದ ಬರುವಂಥದಲ್ಲ, ಬೇರೆಯೇ ಜಾತಿಯ ಗಡ್ಡೆಯಿಂದ ಬರುವುದೆಂದು 1997ರ ಅಧ್ಯಯನಗಳು ತೋರಿಸಿದವು.

ಡೆಂಗ್ಯೂ ಜ್ವರದ ಕಾಲದಲ್ಲಿ ಎಲ್ಲರ ಬಾಯಲ್ಲೂ ಕೇಳಿಬರುವ ಪ್ಲೇಟ್‌ಲೆಟ್ ಕಣಗಳನ್ನು ಈ ಗಡ್ಡೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಸಹ ಅಲ್ಲಿಯೇ ವ್ಯಯವಾಗುತ್ತದೆ. ಒಂದೂವರೆ ಲಕ್ಷಕ್ಕೆ ಮೇಲಿರಬೇಕಾದ ಎಣಿಕೆ ಹತ್ತು ಸಾವಿರಕ್ಕೂ ಇಳಿಯಬಹುದು. ಹಾಗೆಂದು ಪ್ಲೇಟ್‌ಲೆಟ್ ಏರಿಸಿದರೆ ಅವೂ ಗಡ್ಡೆಯ ಪಾಲಾಗಿ, ಅದು ಇನ್ನಷ್ಟು ಊದಿಕೊಳ್ಳುತ್ತದೆ. ಆದುದರಿಂದ ರಕ್ತಸ್ರಾವವಾಗುತ್ತಿದ್ದಾಗ ಅಥವಾ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಮಾತ್ರ ವೈದ್ಯರು ಅದನ್ನು ಕೊಡುತ್ತಾರೆ. ಸಂಖ್ಯೆ ಕಡಿಮೆಯಿದ್ದರೂ ಏಕೆ ಏರಿಸಲಿಲ್ಲವೆಂದು ಬಂಧುಗಳು ಜಗಳಕ್ಕೆ ನಿಲ್ಲಬಾರದು.

ಇಂಥ ಮಗುವಿಗೆ ಬರೆ ಹಾಕುವುದು, ಗಡ್ಡೆಗೆ ಸೂಜಿ ಚುಚ್ಚಿಸುವುದು, ತಿಕ್ಕಿ ನೀವುವುದು ಪ್ರಾಣಕ್ಕೇ ಎರವಾದೀತು. ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಯ ಮನೆಗಳಲ್ಲಿ ಹಿರಿಯರು ಇದನ್ನು ಮನಗಾಣಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ರಕ್ತಕಣಗಳ ಎಣಿಕೆ ಮಾಡಿಸಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರಿಗೆ ತೋರಿಸಿರಿ. ಅವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಕಳುಹಿಸಿದರೆ ಅಂದೇ ಹೊರಡುವುದು ಲೇಸು. ಹಿರಿಯೂರಿನವರಿಗೆ ಬೆಂಗಳೂರಿನ ಹೆದ್ದಾರಿ ಊರ ಪಕ್ಕದಲ್ಲೇ ಇದೆ.

ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಔಷಧಿಯ ಜೊತೆಗೆ ವಿನ್‌ಕ್ರಿಸ್ಟಿನ್ ಬಹುಕಾಲ ಬಳಕೆಯಲ್ಲಿದೆ. ನಮ್ಮ ಅಂಗಳಗಳಲ್ಲಿ ಅರಳುವ ನಿತ್ಯಪುಷ್ಪದ ಗಿಡವೇ ಅದರ ಮೂಲ. ಆದರೆ ಆ ಗಿಡದ ಕಷಾಯ ಕುಡಿಸಿದರೆ ವಿಷವಾದೀತು! ಈಚೆಗೆ, 2011ರಿಂದೀಚೆಗಿನ ವರದಿಗಳ ಬಳಿಕ, ಸಿರೊಲಿಮಸ್ ಎಂಬ ಬಾಯಿಯ ಮೂಲಕ ಕೊಡುವ ಔಷಧಿ ಮುಂದೆ ಬಂದಿದೆ. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಾಣುವಿನಿಂದ ಇದನ್ನು ಬೆಳಕಿಗೆ ತಂದವರಲ್ಲಿ ಪ್ರಮುಖರು ಭಾರತ ಮೂಲದ ವಿಜ್ಞಾನಿ ಸುರೇನ್ ಸೆಹಗಲ್. ಈ ಔಷಧಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಪರೀಕ್ಷಿಸಬೇಕು. ಜ್ವರ ಬಂದರೆ ಮನೆಯಲ್ಲಿ ಕಾಯುತ್ತ ಕೂರದೆ ವೈದ್ಯರನ್ನು ಕಾಣಬೇಕು. ಪ್ಲೇಟ್‌ಲೆಟ್ ಸರಿಹೋದ ಮೇಲೂ ಗಡ್ಡೆಯ ಅಂಶ ಉಳಿಯುವುದುಂಟು. ವೈದ್ಯರು ಹೇಳುವ ತನಕ ಔಷಧಿಯನ್ನು ನಿಲ್ಲಿಸತಕ್ಕದ್ದಲ್ಲ.