ಬಾಗಿಲ ಗಂಟೆ ಒತ್ತುವ ವಿಷ

ಕಳೆದ ಮಳೆಗಾಲದ ಒಂದು ಮುಂಜಾನೆ. ಮಚ್ಛೆಯ ನಮ್ಮ ಓಣಿಯ ಮನೆಯೊಂದರಲ್ಲಿ ಒಂದೂವರೆ ವರ್ಷದ ಮಗುವಿಗೆ ರಾತ್ರಿಯಿಂದ ಜುಲಾಬು. ಕಣ್ಣು ಒಳಸೇರಿತ್ತು, ಬಾಯಿ ಒಣಗಿತ್ತು. ತಾಯಿ ಚಮಚದಲ್ಲಿ ನೀರು ಕುಡಿಸಲು ಹೋದರೆ ದಾದಿ ಕೈ ಹಿಡಿದರು. "ಬೇಡ ದುಲ್ಹನ್, ಕುಡಿಸಿದಷ್ಟೂ ಹೊರಗೆ ಹೋಗುತ್ತದೆ."

ಸಹೋದರಿಯರೇ, ಈ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ಉತ್ತರ ತಿಳಿಯಲು ಕರುಳಿನ ಒಳಗೋಡೆಯನ್ನು ನೋಡಬೇಕು.

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಒಂದು ಮನೆಯಿದ್ದಂತೆ. ಅದರ ಸುತ್ತ ತೆಳುವಾದ ಪೊರೆಯಿದೆ. ಹೊರಗಿನವರು ಸುಮ್ಮನೆ ಒಳಗೆ ನುಗ್ಗುವಂತಿಲ್ಲ. ಸುದ್ದಿ ಮುಟ್ಟಿಸಲು ಪೊರೆಯಲ್ಲಿ ಗ್ರಾಹಕಗಳಿವೆ. ಇವುಗಳನ್ನು ರಿಸೆಪ್ಟರ್ ಎನ್ನುತ್ತಾರೆ. ಬಾಗಿಲ ಗಂಟೆಯ ಗುಂಡಿ ಹೊರಗಿರುತ್ತದೆ, ಸದ್ದು ಒಳಗಾಗುತ್ತದೆ. ಗ್ರಾಹಕವೂ ಹಾಗೆಯೇ. ಅದರ ಒಂದು ತುದಿ ಪೊರೆಯ ಹೊರಗೆ, ಇನ್ನೊಂದು ತುದಿ ಒಳಗೆ.

ಕರುಳಿನ ಜೀವಕೋಶಗಳ ಮೇಲೆ ಗ್ವಾನಿಲಿಲ್ ಸೈಕ್ಲೇಸ್-ಸಿ ಎಂಬ ಗ್ರಾಹಕವಿದೆ. ಕರುಳೇ ತಯಾರಿಸುವ ಕೆಲವು ಹಾರ್ಮೋನುಗಳು ಈ ಗಂಟೆಯನ್ನು ಹಗುರಾಗಿ ಒತ್ತುತ್ತವೆ. ಆಗ ಒಳತುದಿಯು ಸೈಕ್ಲಿಕ್ ಜಿಎಂಪಿ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಇದು ಒಳಗಿನ ದೂತ. ದೂತನ ಸುದ್ದಿಯಿಂದ ಕೋಶದ ಕ್ಲೋರೈಡ್ ಬಾಗಿಲು ತೆರೆಯುತ್ತದೆ, ಉಪ್ಪಿನಂಶ ಕರುಳಿನೊಳಗೆ ಸೇರುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಕರುಳು ತೇವವಾಗಿರಲು ಇಷ್ಟು ಬೇಕು.

ಬೆಳಗಾವಿ, ಖಾನಾಪುರದ ಕಡೆ ಮಳೆ ಜೋರು. ಚರಂಡಿ ನೀರು ಕುಡಿಯುವ ನೀರಿಗೆ ಬೆರೆತರೆ ಇ. ಕೋಲಿಯ ಕೆಲವು ತಳಿಗಳು ಹೊಟ್ಟೆ ಸೇರಬಹುದು. ಅವು ಬಿಡುವ ಒಂದು ಪುಟ್ಟ ವಿಷ ನಮ್ಮ ಹಾರ್ಮೋನಿನಂತೆಯೇ ಇದೆ. ಅದು ಕೋಶದೊಳಗೆ ಕಾಲಿಡುವುದಿಲ್ಲ. ಹೊರಗೆ ನಿಂತು ಗಂಟೆಯನ್ನು ಬಲವಾಗಿ ಒತ್ತಿ ಹಿಡಿಯುತ್ತದೆ. ದೂತರ ಸಂಖ್ಯೆ ಮಿತಿಮೀರಿ, ನೀರು ಸುರಿಯತೊಡಗುತ್ತದೆ. ಎಲ್ಲ ಭೇದಿಗೂ ಇದೇ ಕಾರಣವಲ್ಲ. ಆದರೆ ಮಕ್ಕಳ ಭೇದಿಗೆ ಇದೊಂದು ಮುಖ್ಯ ಕಾರಣ.

ಈ ಗ್ರಾಹಕದ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಎಂಬ ಮಹಿಳಾ ವಿಜ್ಞಾನಿ ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. ನಾರ್ವೆಯ ಒಂದೇ ಕುಟುಂಬದ 32 ಮಂದಿಗೆ ಬಾಲ್ಯದಿಂದಲೂ ಭೇದಿ ಕಾಡುತ್ತಿತ್ತು. ಇದೇ ಗ್ರಾಹಕದ ವಂಶವಾಹಿಯಲ್ಲಿನ ಒಂದು ಬದಲಾವಣೆಯೇ ಅದಕ್ಕೆ ಕಾರಣವೆಂದು 2012ರಲ್ಲಿ ಪ್ರಕಟಿಸಿದ ತಂಡದಲ್ಲಿ ಅವರೂ ಇದ್ದರು. ಅವರ ಗಂಟೆ ಸಣ್ಣ ಸ್ಪರ್ಶಕ್ಕೂ ಜೋರಾಗಿ ಬಾರಿಸುತ್ತಿತ್ತು!

ಈಗ ದಾದಿಯ ಮಾತಿಗೆ ಬರೋಣ. ನೀರು ಹೋಗುತ್ತಿರುವುದು ನಾವು ಕುಡಿಸಿದ್ದರಿಂದಲ್ಲ, ಗಂಟೆಯ ಆಜ್ಞೆಯಿಂದ. ಕುಡಿಸುವುದನ್ನು ನಿಲ್ಲಿಸಿದರೂ ಅದು ಮಗುವಿನ ರಕ್ತದಿಂದಲೇ ನೀರನ್ನು ಎಳೆಯುತ್ತದೆ. ಮಗುವನ್ನು ಕೊಲ್ಲುವುದು ಈ ಒಣಗುವಿಕೆಯೇ.

ಆದರೆ ಕರುಳಿನ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಅದು ತೆರೆಯುತ್ತದೆ, ಅವುಗಳ ಜೊತೆಗೆ ನೀರೂ ಒಳಗೆ ಬರುತ್ತದೆ. ವಿಷ ಈ ಬಾಗಿಲನ್ನು ಮುಚ್ಚಲಾರದು. ಓಆರ್‌ಎಸ್‌ನ ಗುಟ್ಟು ಇದೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ಕುಡಿಸಿ ಕಾಲರಾ ರೋಗಿಗಳ ಜೀವ ಉಳಿಸಿದರು.

ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಸಮತಟ್ಟಾಗಿರಲಿ, ಉಪ್ಪು ಹೆಚ್ಚಾಗದಿರಲಿ. ಸ್ವಲ್ಪಸ್ವಲ್ಪವೇ ಕುಡಿಸಿ. ಮಾಡಿಟ್ಟ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಿ. ಎದೆಹಾಲು, ಊಟ ನಿಲ್ಲಿಸಬೇಡಿ. ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಕೊಡಿ. ಮಲದಲ್ಲಿ ರಕ್ತ ಬಂದರೆ, ಮಗು ಕುಡಿಯದಿದ್ದರೆ, ಮಂಪರಿನಲ್ಲಿದ್ದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ದಿನ ನೆರೆಮನೆಯವರು ಓಆರ್‌ಎಸ್ ಪೊಟ್ಟಣ ತಂದುಕೊಟ್ಟರು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಚಮಚ ಚಮಚವಾಗಿ ಕುಡಿಸಿದ್ದು ದಾದಿಯೇ. ಮಗು ಈಗ ಓಣಿಯಲ್ಲಿ ಓಡಾಡುತ್ತಿದೆ. ನಿಮ್ಮ ಮನೆಯಲ್ಲೂ ಎರಡು ಪೊಟ್ಟಣ ಇರಲಿ.