ಬಿಚ್ಚಲು ಬರುವ ಮುಚ್ಚಳ

ಕಂಪ್ಯೂಟರಿಗೂ ನೀರಿಗೂ ಎಣ್ಣೆ-ಸೀಗೆಕಾಯಿ ನಂಟು ಎಂಬುದು ಸಾಮಾನ್ಯ ನಂಬಿಕೆ. ಆದರೆ 1980ರಲ್ಲಿ ಐಬಿಎಂ ಪ್ರಕಟಿಸಿದ 3081 ಎಂಬ ದೊಡ್ಡ ಯಂತ್ರ ನೀರಿಲ್ಲದೆ ಓಡುವಂತಿರಲಿಲ್ಲ. ಚಿಪ್‌ಗಳ ಬಿಸಿಯನ್ನು ಪುಟ್ಟ ಪಿಸ್ಟನ್‌ಗಳು ಮೇಲಿನ ತಟ್ಟೆಗೆ ಮುಟ್ಟಿಸುತ್ತಿದ್ದವು, ತಟ್ಟೆಯೊಳಗೆ ತಣ್ಣೀರು ಹರಿಯುತ್ತಿತ್ತು. 1990ರ ದಶಕದ ಕೊನೆಗೆ ನೀರಿನ ಉಪಾಯ ಹವ್ಯಾಸಿಗಳ ಕೈಯಲ್ಲಿ ಮನೆಯ ಕಂಪ್ಯೂಟರಿಗೂ ಇಳಿಯಿತು. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬಿಲ್ಲೆ, ಅದರಲ್ಲಿ ಕೊರೆದ ಕಾಲುವೆ, ಮೇಲೊಂದು ಮುಚ್ಚಳ: ವಾಟರ್ ಬ್ಲಾಕ್ ಅಂದರೆ ಇಷ್ಟೇ. ಇದನ್ನು ಕೈಯಾರೆ ಮಾಡಹೊರಟವರಿಗೆ ತಲೆನೋವು ತರುವುದು ಆ ಮುಚ್ಚಳವೇ. ಬೆಸುಗೆಯೋ, ಅಂಟೋ, ರಬ್ಬರೋ?

ಹುಬ್ಬಳ್ಳಿಗೆ ಈ ಪ್ರಶ್ನೆ ಹೊಸದಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪ್ ಬಂದಾಗಿನಿಂದ ಸೋರುವುದನ್ನು ತಡೆಯುವುದು ಊರಿನ ಕಸುಬಿನಲ್ಲೇ ಸೇರಿಹೋಗಿದೆ. ಉಗಿಬಂಡಿಯ ಕಾಲದಲ್ಲಿ ಪಿಸ್ಟನ್ ದಂಡದ ಸುತ್ತ ಜಿಡ್ಡು ಹಚ್ಚಿದ ಹುರಿ ತುರುಕಿ ಬಿಗಿಯುತ್ತಿದ್ದರು, ಅದೇ ಪ್ಯಾಕಿಂಗ್. ಮುಂದೆ ಆ ಹುರಿಯ ಜಾಗವನ್ನು ಎಷ್ಟೋ ಕಡೆ ಓ-ರಿಂಗ್ ಎಂಬ ರಬ್ಬರ್ ಉಂಗುರ ಹಿಡಿಯಿತು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕೆಗೆ ಹೋದ ನೀಲ್ಸ್ ಕ್ರಿಸ್ಟೆನ್ಸನ್, ಟ್ರಾಮ್‌ಗಳ ಏರ್‌ಬ್ರೇಕಿನಲ್ಲಿ ಪಳಗಿದ ಮನುಷ್ಯ, ಎಪ್ಪತ್ತು ದಾಟಿದ ಮೇಲೆ 1937ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದ. 1939ರಲ್ಲಿ ಅದು ಸಿಕ್ಕಿತು. ರಬ್ಬರ್ ಉಂಗುರ ಮೊದಲೂ ಇತ್ತು. ಅವನ ಜಾಣತನವೆಲ್ಲ ಉಂಗುರ ಕೂರುವ ಗ್ರೂವ್‌ನ ಅಳತೆಯಲ್ಲಿತ್ತು. ಇಂದು ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳು ವಾಲ್ವ್‌ಗಳಿಗೆ ಹೆಸರಾಗಿವೆ. ತಾಳಬೇಕಾದ ಒತ್ತಡದ ಒಂದೂವರೆ ಪಟ್ಟಿನಲ್ಲಿ ನೀರು ತುಂಬಿ ವಾಲ್ವಿನ ಮೈಯನ್ನು ಪರೀಕ್ಷಿಸುವುದು ಆ ಉದ್ಯಮದ ರೂಢಿ.

ಬೆಸುಗೆ ಹಾಕಿಬಿಟ್ಟರೆ ಜನ್ಮದಲ್ಲಿ ಸೋರುವುದಿಲ್ಲ ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಕಂಪ್ಯೂಟರನ್ನು ತಂಪಾಗಿಡುವ ಪಂಪು ನೀರನ್ನು ಎತ್ತುವುದು ಸುಮಾರು 4 ಮೀಟರ್ ಮಾತ್ರ. ಎರಡಂತಸ್ತಿನ ಮನೆಯ ತಾರಸಿ ಟ್ಯಾಂಕು ಕೆಳಗಿನ ನಲ್ಲಿಯ ವಾಶರಿನ ಮೇಲೆ ಇದಕ್ಕಿಂತ ಹೆಚ್ಚು ಭಾರ ಹಾಕುತ್ತದೆ. ನೀರಿನ ಬಿಸಿಯೂ 40 ಡಿಗ್ರಿಯ ಆಸುಪಾಸು, ಮೈಗೆ ಹಿತವಾಗುವ ಸ್ನಾನದ ನೀರಿನಷ್ಟು. ಇಷ್ಟಕ್ಕೆ ಬೆಸುಗೆಯೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಬ್ಲಾಕನ್ನು ಕೆಡಿಸುವುದು ಹೆಚ್ಚಾಗಿ ಒಳಗೆ ಕಟ್ಟುವ ಕಸ: ಪಾಚಿ, ಪ್ಲಾಸ್ಟಿಕ್ ನಳಿಕೆ ಬಿಡುವ ಬಿಳಿ ಲೋಳೆ, ಬೋರ್‌ವೆಲ್ ನೀರು ಸುರಿದಿದ್ದರೆ ಸುಣ್ಣದ ಪದರ. ಒಂದೊಂದು ಮಿಲಿಮೀಟರಿನ ಕಾಲುವೆ ಕಟ್ಟಿಕೊಂಡರೆ ಮುಚ್ಚಳ ತೆಗೆದು ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಬೇಕು; ಬೆಸೆದದ್ದನ್ನು ತೆಗೆಯಲು ಮತ್ತೆ ಬೆಂಕಿಯೇ ಬೇಕು. ಅಂಟಿನ ಕಥೆ ಇನ್ನೂ ಕಷ್ಟ. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಒಣಗುವಾಗ ಬಿಡುವುದು ಅಸಿಟಿಕ್ ಆಮ್ಲ. ಮಜ್ಜಿಗೆ ಇಟ್ಟ ತಾಮ್ರದ ಪಾತ್ರೆಯಂತೆ ಬ್ಲಾಕೂ ಕಿಲುಬು ಹಿಡಿಯುತ್ತದೆ. ಎಂ-ಸೀಲ್ ಒಡೆದ ಪೈಪಿಗೆ ಸರಿ, ಇಲ್ಲಿಗಲ್ಲ.

ಹಾಗಾಗಿ ನನ್ನ ಮತ ಓ-ರಿಂಗಿಗೆ. 2 ಮಿ.ಮೀ. ದಪ್ಪದ ಉಂಗುರಕ್ಕೆ 1.5 ಮಿ.ಮೀ. ಆಳ, ಸುಮಾರು 2.7 ಮಿ.ಮೀ. ಅಗಲದ ಗ್ರೂವ್ ಸಾಕು. ಮುಚ್ಚಳ ಕೂತಾಗ ಉಂಗುರ ಕಾಲುಭಾಗ ಚಪ್ಪಟೆಯಾಗುತ್ತದೆ. ಅಗಲ ಹೆಚ್ಚೇಕೆಂದರೆ, ಒತ್ತಿದ ರಬ್ಬರ್ ಗಾತ್ರದಲ್ಲಿ ಕುಗ್ಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ಮುಚ್ಚಳವನ್ನೇ ಎತ್ತುತ್ತದೆ. ಇಷ್ಟು ನಾಜೂಕಿನ ಕೆಲಸ ಮನೆಯಲ್ಲಿ ಆದೀತೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಚೌಕದ ಗ್ರೂವ್‌ಗೆ ಮಿಲ್ಲಿಂಗ್ ಬೇಕು, ದುಂಡಗಿದ್ದರೆ ಸಾದಾ ಲೇಥ್ ಸಾಕು, ಲೇಥ್‌ಗೆ ಹುಬ್ಬಳ್ಳಿಯಲ್ಲಿ ಬರವಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯನ್ನು ಬಲಿ ತೆಗೆದುಕೊಂಡದ್ದು ಇದೇ ಓ-ರಿಂಗ್ ಅಲ್ಲವೇ ಎಂದೂ ಕೇಳಬಹುದು. ಅಲ್ಲಿ ಕೊರೆಯುವ ಚಳಿಗೆ ರಬ್ಬರ್ ಸೆಡೆತು ಮತ್ತೆ ಉಬ್ಬಲು ತಡಮಾಡಿತು. ಧಾರವಾಡದ ಡಿಸೆಂಬರ್ ಬೆಳಗು ಆ ಮಟ್ಟಕ್ಕೆ ಇಳಿಯುವುದಿಲ್ಲ. ನಿಜವಾದ ಅಪಾಯ ಸ್ಕ್ರೂ ಬಿಗಿಯುವ ಕೈಯಲ್ಲಿದೆ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಅಕ್ರಿಲಿಕ್ ಮುಚ್ಚಳ ತೂತಿನ ಬಳಿ ಕೂದಲೆಳೆಯಂತೆ ಬಿರಿಯುತ್ತದೆ. ಎದುರುಬದುರಿನ ಮೂಲೆಗಳನ್ನು ಸ್ವಲ್ಪಸ್ವಲ್ಪವೇ ಬಿಗಿದು, ಕಂಪ್ಯೂಟರಿಗೆ ಕರೆಂಟ್ ಕೊಡದೆ ಬರೀ ಪಂಪನ್ನು ಒಂದಿಡೀ ದಿನ ಓಡಿಸಬೇಕು, ಬ್ಲಾಕಿನ ಕೆಳಗೆ ಟಿಶ್ಯೂ ಪೇಪರ್ ಹಾಸಿ.