36½ ಗಂಟೆಗಳ ಒಂದು ದಿನ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನೆಲೆಸಿರುವ ಮಕ್ಕಳ ಮನೆಗೆ ಬೆಂಗಳೂರಿನಿಂದ ಹೊರಡುವ ತಂದೆತಾಯಿಗಳು ಈಗ ಬೇಕಾದಷ್ಟು ಮಂದಿ. ಅವರ ಕೈಯಲ್ಲಿರುವ ಟಿಕೆಟ್ಟಿನಲ್ಲಿ ಒಂದು ಸ್ವಾರಸ್ಯಕರ ಒಗಟು ಅಡಗಿದೆ. ಜೂನ್ ತಿಂಗಳ ಒಂದು ಸೋಮವಾರ ಬೆಳಗಿನ ಜಾವ 3 ಗಂಟೆಗೆ ಬೆಂಗಳೂರು ಬಿಟ್ಟ ವಿಮಾನ 10 ಗಂಟೆ ಹಾರಿ ಜರ್ಮನಿಯ ಫ್ರಾಂಕ್‌ಫರ್ಟ್ ಸೇರಿತು ಎನ್ನೋಣ. ಅಲ್ಲಿ ಮೂರೂವರೆ ಗಂಟೆ ಕಾದು ಇನ್ನೊಂದು ವಿಮಾನ ಹತ್ತಿದರೆ ಹನ್ನೊಂದೂವರೆ ಗಂಟೆಗಳ ನಂತರ ಸ್ಯಾನ್ ಫ್ರಾನ್ಸಿಸ್ಕೋ. ಒಟ್ಟು 25 ಗಂಟೆಗಳ ಪ್ರಯಾಣ. ಆದರೆ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಅದೇ ಸೋಮವಾರದ ಮಧ್ಯಾಹ್ನ 3.30! ಬೆಂಗಳೂರಿನಲ್ಲಿ ಆಗಲೇ ಮಂಗಳವಾರದ ಬೆಳಗಿನ ಜಾವ 4 ಗಂಟೆ. ಈ ಪ್ರಯಾಣಿಕರ ಪಾಲಿಗೆ ಆ ಸೋಮವಾರ 24 ಗಂಟೆಗಳದ್ದಲ್ಲ, 36½ ಗಂಟೆಗಳದ್ದು.

ಹೆಚ್ಚುವರಿ ಹನ್ನೆರಡೂವರೆ ಗಂಟೆ ಎಲ್ಲಿಂದ ಬಂತು? ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಬೆಂಗಳೂರಿನ ರೇಖಾಂಶ 77.6 ಡಿಗ್ರಿ ಪೂರ್ವ, ಸ್ಯಾನ್ ಫ್ರಾನ್ಸಿಸ್ಕೋದ್ದು 122.4 ಡಿಗ್ರಿ ಪಶ್ಚಿಮ. ಪಶ್ಚಿಮಾಭಿಮುಖವಾಗಿ ಎಣಿಸಿದರೆ ಅಂತರ 200 ಡಿಗ್ರಿ. ಇದಕ್ಕೆ 800 ನಿಮಿಷ, ಅಂದರೆ 13 ಗಂಟೆ 20 ನಿಮಿಷ. ಗಡಿಯಾರಗಳ ವ್ಯತ್ಯಾಸ ಮಾತ್ರ ಹನ್ನೆರಡೂವರೆ ಗಂಟೆ. ಇದಕ್ಕೂ ಲೆಕ್ಕವಿದೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ. ಅದನ್ನು ಕಳೆದರೆ ವ್ಯತ್ಯಾಸ 13 ಗಂಟೆ 30 ನಿಮಿಷ. ಇನ್ನುಳಿದ 10 ನಿಮಿಷ? ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶಕ್ಕೆ ಸೇರಿದ್ದು. ಬೆಂಗಳೂರು ಅದಕ್ಕಿಂತ 4.9 ಡಿಗ್ರಿ ಪಶ್ಚಿಮಕ್ಕಿರುವುದರಿಂದ ನಮ್ಮ ಗಡಿಯಾರ ನಮ್ಮ ಸೂರ್ಯನಿಗಿಂತ ಸುಮಾರು 20 ನಿಮಿಷ ಮುಂದಿದೆ. ಇದೇ ಬಗೆಯಲ್ಲಿ 120 ಡಿಗ್ರಿ ರೇಖಾಂಶವನ್ನು ಅನುಸರಿಸುವ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ಸುಮಾರು 10 ನಿಮಿಷ ಮುಂದಿದೆ. ಲೆಕ್ಕ ಸರಿಹೋಯಿತು. ಒಂಬತ್ತನೆಯ ತರಗತಿಯಲ್ಲಿ ಮಾಡಿಸಬಹುದಾದ ಒಳ್ಳೆಯ ಅಭ್ಯಾಸವಿದು. ರೇಖಾಂಶದ ಪಾಠಕ್ಕೆ ಟಿಕೆಟ್ಟಿಗಿಂತ ಉತ್ತಮ ಉಪಕರಣ ನನಗೆ ಸಿಕ್ಕಿಲ್ಲ.

ಸೂರ್ಯನ ಜೊತೆ ಓಟ

ಇನ್ನೂ ಸ್ವಾರಸ್ಯವಿರುವುದು ಎರಡನೆಯ ಹಾರಾಟದಲ್ಲಿ. ಸಮಭಾಜಕ ವೃತ್ತದಲ್ಲಿ ಭೂಮಿಯ ಮೇಲ್ಮೈ ಗಂಟೆಗೆ ಸುಮಾರು 1670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಚಲಿಸುತ್ತದೆ. ಧ್ರುವಗಳ ಕಡೆಗೆ ಹೋದಂತೆ ಅಕ್ಷಾಂಶದ ಕೊಸೈನ್‌ಗೆ ಅನುಗುಣವಾಗಿ ಈ ವೇಗ ಇಳಿಯುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 1630, 60 ಡಿಗ್ರಿ ಅಕ್ಷಾಂಶದಲ್ಲಿ 835. ಪ್ರಯಾಣಿಕ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಆದ್ದರಿಂದ ಬೆಂಗಳೂರಿನ ಅಕ್ಷಾಂಶದಲ್ಲಿ ನೇರ ಪಶ್ಚಿಮಕ್ಕೆ ಹಾರುವ ವಿಮಾನ ಸೂರ್ಯನಿಂದ ಹಿಂದೆ ಬೀಳುತ್ತದೆ. 57 ಡಿಗ್ರಿಯ ಆಸುಪಾಸಿನಲ್ಲಿ ಸರಿಸಮ. ಅದರಾಚೆಗೆ ವಿಮಾನವೇ ಮುಂದು.

ಫ್ರಾಂಕ್‌ಫರ್ಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅತಿ ಹತ್ತಿರದ ದಾರಿ ಅಟ್ಲಾಂಟಿಕ್ ಸಾಗರದ ನಡುವೆ ನೇರ ಪಶ್ಚಿಮಕ್ಕೆ ಹೋಗುವುದಿಲ್ಲ. ಅದು ಉತ್ತರಕ್ಕೆ ಬಾಗಿ ಗ್ರೀನ್‌ಲೆಂಡಿನ ಹಿಮದ ಮೇಲೆ ಸುಮಾರು 67 ಡಿಗ್ರಿ ಅಕ್ಷಾಂಶ ಮುಟ್ಟುತ್ತದೆ. ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿಹಿಡಿದು ನೋಡಿದರೆ ಇದು ತಿಳಿಯುತ್ತದೆ. ಅಲ್ಲಿ ಭೂಮಿಯ ಮೇಲ್ಮೈಯ ವೇಗ 650 ಕಿ.ಮೀ. ಮಾತ್ರ. ಹಾಗಾಗಿ ಅಷ್ಟು ಹೊತ್ತು ಕಿಟಕಿಯಲ್ಲಿ ಸೂರ್ಯ ಪೂರ್ವದ ಕಡೆಗೆ, ಹಿಂದಕ್ಕೆ ಸರಿಯುತ್ತಾನೆ! ಒಟ್ಟಾರೆ ಹನ್ನೊಂದೂವರೆ ಗಂಟೆ ಹಾರಿದರೂ ಆಕಾಶದಲ್ಲಿ ಸೂರ್ಯ ಮುಂದುವರಿಯುವುದು ಎರಡು ಮುಕ್ಕಾಲು ಗಂಟೆಯ ದೂರ. ಮಧ್ಯಾಹ್ನದಲ್ಲಿ ಹೊರಟವರು ಮಧ್ಯಾಹ್ನದಲ್ಲೇ ಇಳಿಯುತ್ತಾರೆ. 2003ರಲ್ಲಿ ಹಾರಾಟ ನಿಲ್ಲಿಸಿದ ಕಾಂಕಾರ್ಡ್ ಇದನ್ನೂ ಮೀರಿಸಿತ್ತು. ಲಂಡನ್ನಿನಿಂದ ಬೆಳಗ್ಗೆ 10.30ಕ್ಕೆ ಹೊರಟು ನ್ಯೂಯಾರ್ಕನ್ನು ಅಲ್ಲಿನ 9.30ರ ಸುಮಾರಿಗೆ ಮುಟ್ಟುತ್ತಿತ್ತು. 1973ರ ಜೂನ್ 30ರ ಪೂರ್ಣ ಸೂರ್ಯಗ್ರಹಣವನ್ನು ಆಫ್ರಿಕದ ಮೇಲೆ 74 ನಿಮಿಷಗಳ ಕಾಲ ಬೆನ್ನಟ್ಟಿದ್ದೂ ಇದೇ ವಿಮಾನ.

ದೇಹದ ಗಡಿಯಾರ ಕೇಳುವುದಿಲ್ಲ

ಸೂರ್ಯನನ್ನು ಹಿಡಿದು ನಿಲ್ಲಿಸಿದರೂ ದೇಹ ತನ್ನ ಪಾಡಿಗೆ ಎಣಿಸುತ್ತಲೇ ಇರುತ್ತದೆ. ಮಿದುಳಿನ ಹೈಪೊಥಲಮಸ್‌ನಲ್ಲಿ, ದೃಷ್ಟಿನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಜೋಡಿ ಗುಂಪಿದೆ. ನಮ್ಮ ಮುಖ್ಯ ಜೈವಿಕ ಗಡಿಯಾರ ಇದು. ಬೆಳಕು ಕಾಣದಿದ್ದರೂ ಇದು ಸರಾಸರಿ 24 ಗಂಟೆಗಿಂತ ತುಸು ಹೆಚ್ಚಿನ ಆವರ್ತದಲ್ಲಿ ನಡೆಯುತ್ತದೆ. ಕೋಶದೊಳಗೆ ಈ ಆವರ್ತ ಹೇಗೆ ಮೂಡುತ್ತದೆ ಎಂಬುದನ್ನು ಹಣ್ಣುನೊಣದ ಜೀನುಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಈ ಅಧ್ಯಯನಕ್ಕೆ ತಳಪಾಯ ಹಾಕಿದವರು ಎಂ. ಕೆ. ಚಂದ್ರಶೇಖರನ್. ಮೊದಲು ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರು ಕೆಲಸ ಮಾಡಿದರು.

ಈ ಗಡಿಯಾರದ ಆಜ್ಞೆಯಂತೆ ದೇಹದ ಉಷ್ಣತೆ ದಿನವೂ ಏರಿಳಿಯುತ್ತದೆ. ಅತ್ಯಂತ ಕೆಳಗಿಳಿಯುವುದು ಬೆಳಗಿನ ಜಾವ 4-5 ಗಂಟೆಯ ವೇಳೆಗೆ. ಎಚ್ಚರ ಮತ್ತು ಗಮನ ತೀರಾ ಕುಗ್ಗುವುದೂ ಆ ಹೊತ್ತಿನಲ್ಲೇ. ನಮ್ಮ ಪ್ರಯಾಣಿಕರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಬೆಂಗಳೂರಿನಲ್ಲಿ 4 ಗಂಟೆ ಎಂಬುದನ್ನು ನೆನಪಿಸಿಕೊಳ್ಳಿ. ಹೊರಗೆ ಝಗಝಗಿಸುವ ಬಿಸಿಲು, ಒಳಗೆ ನಡುರಾತ್ರಿಗಿಂತ ಗಾಢವಾದ ರಾತ್ರಿ. ಇಳಿದ ತಕ್ಷಣ ಬಾಡಿಗೆ ಕಾರು ಹಿಡಿದು ಸ್ವತಃ ಓಡಿಸುವವರ ಧೈರ್ಯವನ್ನು ನಾನಂತೂ ಮೆಚ್ಚಲಾರೆ.

ಗಡಿಯಾರವನ್ನು ಸರಿಪಡಿಸುವುದು ಮುಖ್ಯವಾಗಿ ಬೆಳಕು. ಅಕ್ಷಿಪಟಲದಲ್ಲಿ ನೋಟಕ್ಕಲ್ಲದೆ ಬೆಳಕಿನ ಪ್ರಮಾಣವನ್ನು ಅಳೆಯಲೆಂದೇ ಇರುವ ಕೆಲವು ಕೋಶಗಳಿವೆ. ಅವು ಕಳಿಸುವ ಸಂಕೇತದ ಪರಿಣಾಮ ಹೊತ್ತನ್ನು ಅವಲಂಬಿಸುತ್ತದೆ. ದೇಹದ ರಾತ್ರಿಯ ಮೊದಲ ಭಾಗದಲ್ಲಿ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಕೊನೆಯ ಭಾಗದಲ್ಲಿ ಬಿದ್ದದ್ದು ಮುಂದಕ್ಕೆ ಎಳೆಯುತ್ತದೆ. ಆದರೆ ದಿನವೊಂದಕ್ಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆಯಷ್ಟು ಮಾತ್ರ. ವಿಮಾನ 25 ಗಂಟೆಯಲ್ಲಿ ದಾಟಿದ ಅಂತರಕ್ಕೆ ಗಡಿಯಾರ ಎಂಟು ಹತ್ತು ದಿನ ತೆಗೆದುಕೊಳ್ಳುತ್ತದೆ. ಅದರಲ್ಲೂ ಹನ್ನೆರಡೂವರೆ ಗಂಟೆಯೆಂದರೆ ಹೆಚ್ಚುಕಡಿಮೆ ಅರ್ಧ ಸುತ್ತು. ಹಾಗಾಗಿ ಹನ್ನೆರಡೂವರೆ ಗಂಟೆ ಹಿಂದಕ್ಕೆ ಸರಿದರೂ ಸರಿ, ಹನ್ನೊಂದೂವರೆ ಗಂಟೆ ಮುಂದಕ್ಕೆ ಹೋದರೂ ಸರಿ, ಕೊನೆಗೆ ತಲುಪುವ ಜಾಗ ಒಂದೇ! ಯಾರ ದೇಹ ಯಾವ ದಾರಿ ಹಿಡಿಯುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಯಕೃತ್ತು ಮೊದಲಾದ ಅಂಗಗಳಲ್ಲೂ ಕಿರುಗಡಿಯಾರಗಳಿದ್ದು, ಅವು ಊಟದ ಹೊತ್ತಿಗೂ ಓಗೊಡುತ್ತವೆ. ಎಲ್ಲವೂ ಒಂದೇ ವೇಗದಲ್ಲಿ ಸರಿಯುವುದಿಲ್ಲ. ಮೊದಲ ವಾರ ರಾತ್ರಿ ಎರಡು ಗಂಟೆಗೆ ಹಸಿವಾಗಿ ಅಡುಗೆಮನೆಯ ದೀಪ ಹಾಕುವ ಅಜ್ಜಿಯದು ಹಟವಲ್ಲ.

ಇನ್ಸುಲಿನ್ ಲೆಕ್ಕ

ನಿದ್ದೆಗೆಟ್ಟರೆ ವಾರದಲ್ಲಿ ಸರಿಹೋದೀತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ ಈ 36½ ಗಂಟೆ ಗಂಭೀರ ವಿಷಯ. ದಿನಕ್ಕೊಮ್ಮೆ ಬೆಳಗ್ಗೆ 8ಕ್ಕೆ ದೀರ್ಘಾವಧಿಯ ಇನ್ಸುಲಿನ್ ಚುಚ್ಚಿಕೊಳ್ಳುವವರು, ಸೋಮವಾರ ವಿಮಾನದಲ್ಲಿ ಭಾರತದ 8 ಗಂಟೆಗೆ ಒಮ್ಮೆ ತೆಗೆದುಕೊಂಡು ಮುಂದಿನದನ್ನು ಕ್ಯಾಲಿಫೋರ್ನಿಯದ ಮಂಗಳವಾರ 8ಕ್ಕೆ ತೆಗೆದುಕೊಂಡರೆ ನಡುವಿನ ಅಂತರ 24 ಗಂಟೆಯಲ್ಲ, 36½ ಗಂಟೆ. ಈ ನಡುವೆ ವಿಮಾನದ ಊಟ ತಿಂಡಿಗಳು ಮೂರು ನಾಲ್ಕು ಬಾರಿ ಬಂದಿರುತ್ತವೆ. ರಕ್ತದ ಸಕ್ಕರೆ ಏರುತ್ತದೆ.

ವಾಪಸು ಬರುವಾಗ ಅಪಾಯ ಇನ್ನೂ ಹೆಚ್ಚು. ಅಲ್ಲಿ ಬೆಳಗ್ಗೆ 8ಕ್ಕೆ ಚುಚ್ಚಿಕೊಂಡು, ವಿಮಾನದಲ್ಲಿ ಕೈಗಡಿಯಾರವನ್ನು ಭಾರತದ ಕಾಲಕ್ಕೆ ತಿರುಗಿಸಿ, ಮತ್ತೆ 8 ಆಯಿತೆಂದು ಚುಚ್ಚಿಕೊಂಡರೆ ಅಂತರ ಹನ್ನೊಂದೂವರೆ ಗಂಟೆ ಮಾತ್ರ. ಎರಡು ಪ್ರಮಾಣಗಳ ಪ್ರಭಾವ ಒಂದರ ಮೇಲೊಂದು ಬಿದ್ದು ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಪಕ್ಕದವರು ನಿದ್ದೆ ಎಂದುಕೊಳ್ಳುವುದು ಎಚ್ಚರ ತಪ್ಪಿದ್ದೂ ಆಗಿರಬಹುದು. ಆದ್ದರಿಂದ ಪ್ರಯಾಣದ ವೇಳಾಪಟ್ಟಿಯನ್ನು ಗಂಟೆಗಳ ಲೆಕ್ಕಕ್ಕೆ ತಿರುಗಿಸಿ, ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ, ಯಾವ ಹೊತ್ತಿಗೆ ಎಷ್ಟು ಎಂದು ಬರೆಸಿಕೊಳ್ಳಬೇಕು. ಪ್ರಮಾಣವನ್ನು ತಾವೇ ಊಹಿಸಬಾರದು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ವಿಮಾನದ ಕೆಳಗಿನ ಸಾಮಾನುಕೋಣೆ ಅಷ್ಟು ತಣ್ಣಗಾಗುವ ಸಾಧ್ಯತೆ ಇರುವುದರಿಂದ ಅದು ಕೈಚೀಲದಲ್ಲೇ ಇರಬೇಕು, ಜೊತೆಗೆ ವೈದ್ಯರ ಚೀಟಿ ಮತ್ತು ಸ್ವಲ್ಪ ಸಕ್ಕರೆ. ಅದೇ ಚೀಲದಲ್ಲಿ ಹಳೆಯ ಕೈಗಡಿಯಾರವೊಂದನ್ನು ಇಟ್ಟುಕೊಂಡು, ಊರು ಮುಟ್ಟುವ ತನಕ ಅದರ ಮುಳ್ಳು ತಿರುಗಿಸದೆ ಬಿಟ್ಟರೆ ಎಣಿಕೆ ತಪ್ಪುವುದಿಲ್ಲ.